ಕಂಪೈಲರ್ ಕೈಕೊಟ್ಟಾಗ: ಸೋರ್ಸ್‌ನಿಂದ ಲಿನಕ್ಸ್ ಕಟ್ಟುವವರಿಗೆ ಶಿರಸಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಮಳೆಗಾಲದ ಒಂದು ರಾತ್ರಿ. ಶಿರಸಿಯ ನಮ್ಮ ಮನೆಯಲ್ಲಿ ಜಿಸಿಸಿ (ಸೋರ್ಸ್ ಕೋಡನ್ನು ಯಂತ್ರ ಓಡಿಸುವ ಪ್ರೋಗ್ರಾಂ ಆಗಿ ಮಾಡುವ ಕಂಪೈಲರ್) ಮುಕ್ಕಾಲು ಪಾಲು ಕಂಪೈಲ್ ಆಗಿತ್ತು. ಕರೆಂಟ್ ಹೋಯಿತು. ನನ್ನ ಹಳೆ ಲ್ಯಾಪ್‌ಟಾಪಿನ ಬ್ಯಾಟರಿ ಯಾವತ್ತೋ ಸತ್ತಿತ್ತು, ಹಾಗಾಗಿ ಪರದೆ ಪಟ್ಟನೆ ಕಪ್ಪಾಯಿತು. ಬೆಳಗ್ಗೆ ಅದೇ ಡೈರೆಕ್ಟರಿಗೆ ಹೋಗಿ ಕಟ್ಟುವ ಕೆಲಸ ನಡೆಸುವ ‘ಮೇಕ್’ ಕಮಾಂಡ್ ಮತ್ತೆ ಹೊಡೆದೆ. ಈಗ ಹೊಸ ರಾಗ. ಯಾವುದೋ ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ಒಂದು ತುಣುಕು) ಯಾವ ನಮೂನೆಯದ್ದು ಅಂತ ಗೊತ್ತಾಗುತ್ತಿಲ್ಲ ಎಂದು, ತುಣುಕುಗಳನ್ನು ಜೋಡಿಸುವ ಲಿಂಕರ್ ಗೊಣಗಿತು. ಜತೆಗೆ ಫೈಲ್‌ಗಳ ಸಮಯ ನಾಳೆ ನಾಡಿದ್ದಿನದ್ದು ಎಂದು ನೂರಾರು ಎಚ್ಚರಿಕೆ. ಎರಡು ದಿನ ಕಂಪೈಲರನ್ನೇ ಬೈದೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಆಮೇಲೆ ಇದೇ ಕೆಲಸವನ್ನು ಐದಾರು ಸಲ ಮಾಡಿದ್ದೇನೆ. ಪ್ರತಿ ಸಲವೂ ಗೊತ್ತಾದದ್ದು ಒಂದೇ: ಕಂಪೈಲರ್ ಎರರ್ ಅಂತ ಕಾಣಿಸುವುದರಲ್ಲಿ ಹೆಚ್ಚಿನವು ಕಂಪೈಲರ್‌ನದ್ದಲ್ಲ. ಹಳೆ ಸಿಸ್ಟಮ್ ಎಲ್ಲೋ ಹೊಸದರೊಳಗೆ ಸೋರುತ್ತಿರುತ್ತದೆ. ಹಂಚಿನ ಮನೆಯಲ್ಲಿ ನೀರು ಬೀಳುವುದು ಒಂದು ಕಡೆ, ಹಂಚು ಒಡೆದಿರುವುದು ಇನ್ನೊಂದು ಕಡೆ. ಇದೂ ಹಾಗೇ.

ನಾನು ಅನುಸರಿಸುವುದು ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ (ಎಲ್‌ಎಫ್‌ಎಸ್) ಪುಸ್ತಕದ ದಾರಿಯನ್ನು. ಇಡೀ ಲಿನಕ್ಸ್ ಸಿಸ್ಟಮ್ಮನ್ನು ಸೋರ್ಸ್‌ನಿಂದ ನಾವೇ ಕಟ್ಟುವುದನ್ನು ಅದು ಹೇಳಿಕೊಡುತ್ತದೆ. 1999ರಲ್ಲಿ ಜೆರಾರ್ಡ್ ಬೀಕ್‌ಮನ್ಸ್ ಶುರು ಮಾಡಿದ್ದು. ಕೆಳಗೆ ಹೇಳುವ ಅಧ್ಯಾಯ ಸಂಖ್ಯೆಗಳು 2020ರಲ್ಲಿ ಬಂದ 10ನೇ ಆವೃತ್ತಿ ಮತ್ತು ಅದರ ಈಚಿನವಕ್ಕೆ ಹೊಂದುತ್ತವೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಗೊತ್ತಿದ್ದದ್ದೇ ಅಲ್ವಾ.

ಕಂಪೈಲರನ್ನು ಮೂರು ಸಲ ಯಾಕೆ ಕಟ್ಟಬೇಕು

ಇದು ತಲೆಗೆ ಹೋಗದೆ ಎರರ್ ಹುಡುಕಲು ಕೂತರೆ ಬರೀ ಕತ್ತಲಲ್ಲಿ ತಡಕಾಟ.

ಹೊಸ ಮನೆಗೆ ಹೋದಾಗ ಮೊಸರಿಗೆ ಹೆಪ್ಪು ಪಕ್ಕದ ಮನೆಯಿಂದಲೇ ಬರಬೇಕು. ಬೇರೆ ದಾರಿ ಇಲ್ಲ. ಮೊದಲ ದಿನದ ಮೊಸರಿನಲ್ಲಿ ಅವರ ಮನೆಯ ಹುಳಿ ಇರುತ್ತದೆ. ಅದರಿಂದ ಒಂದು ಚಮಚ ತೆಗೆದು ನಮ್ಮ ಹಾಲಿಗೆ ಹಾಕಿ, ಮರುದಿನ ಅದರಿಂದ ಇನ್ನೊಂದು ಚಮಚ ತೆಗೆದರೆ, ಮೂರನೇ ದಿನದ್ದು ನಮ್ಮ ಮನೆಯದೇ ಮೊಸರು. ಜಿಸಿಸಿ ಕಟ್ಟುವುದೂ ಹೀಗೇ. ಐದನೇ ಅಧ್ಯಾಯದ ಮೊದಲ ಜಿಸಿಸಿಯನ್ನು ನಿಮ್ಮ ಉಬುಂಟು ಅಥವಾ ಫೆಡೋರಾದ ಕಂಪೈಲರ್ ಕಟ್ಟುತ್ತದೆ. ಆ ಮೊದಲ ಜಿಸಿಸಿ, ಹೊಸ ಸಿಸ್ಟಮ್ಮಿನ ಸಿ ಲೈಬ್ರರಿ ಜಿಲಿಬ್‌ಸಿಯನ್ನು ಕಟ್ಟುತ್ತದೆ. ಆರನೇ ಅಧ್ಯಾಯದಲ್ಲಿ ಅದೇ ಮೊದಲನೆಯದರಿಂದ ಎರಡನೇ ಜಿಸಿಸಿ. ಎಂಟರಲ್ಲಿ, ಸಿಎಚ್‌ರೂಟ್ ಒಳಗೆ (ಅಂದರೆ ಹೊಸ ಸಿಸ್ಟಮ್ಮಿನ ಡೈರೆಕ್ಟರಿಯನ್ನೇ ಇಡೀ ಸಿಸ್ಟಮ್ ಅಂತ ಮಾಡಿಕೊಂಡು) ಕೂತು, ಕೊನೆಯದು. ಲಿಂಕರ್ ಇರುವ ಪ್ಯಾಕೇಜ್ ಬಿನ್‌ಯುಟಿಲ್ಸ್‌ಗೂ ಇದೇ ಮೂರು ಸುತ್ತು.

ಮೊದಲ ಸುತ್ತಿನಲ್ಲಿ ಒಂದು ಸಣ್ಣ ಮೋಸ ಮಾಡುತ್ತೇವೆ. ಟಾರ್ಗೆಟ್ ಹೆಸರನ್ನು ‘ಎಕ್ಸ್86_64-ಎಲ್‌ಎಫ್‌ಎಸ್-ಲಿನಕ್ಸ್-ಜಿಎನ್‌ಯು’ ಎಂದು ಕೊಡುತ್ತೇವೆ. ನಡುವೆ ‘ಎಲ್‌ಎಫ್‌ಎಸ್’ ಇರುವುದರಿಂದ, ಇದು ಬೇರೆ ಯಾವುದೋ ಯಂತ್ರಕ್ಕೆ ಕಟ್ಟುವ ಕ್ರಾಸ್ ಕಂಪೈಲರ್ ಎಂದು, ಕಟ್ಟುವ ಮೊದಲು ಎಲ್ಲ ಸರಿ ಇದೆಯಾ ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ನಂಬುತ್ತದೆ. ಹಾಗಾಗಿ ಹೋಸ್ಟ್‌ನ (ಈಗ ಓಡುತ್ತಿರುವ ಹಳೆ ಸಿಸ್ಟಮ್ಮಿನ) ಲೈಬ್ರರಿಗಳಿಗೆ ಕೈಹಾಕುವುದಿಲ್ಲ. ಈ ಹೆಸರು ಇರುವ ವೇರಿಯಬಲ್ ‘ಎಲ್‌ಎಫ್‌ಎಸ್_ಟಿಜಿಟಿ’ ಖಾಲಿಯಾದರೆ ಇಡೀ ಮೋಸ ಬಯಲು. ಪಕ್ಕದ ಮನೆಯ ಹುಳಿ ಕೊನೆಯವರೆಗೂ ಉಳಿಯುತ್ತದೆ.

ಮೊದಲು ಹೋಸ್ಟ್ ಸರಿ ಇದೆಯಾ ನೋಡಿ

ಉಬುಂಟು ಮತ್ತು ಡೆಬಿಯನ್‌ನಲ್ಲಿ ಎರಡು ಹಳೆ ತೊಂದರೆಗಳು. ಒಂದು, ‘ಎಸ್‌ಎಚ್’ (ಕಮಾಂಡ್ ಓದಿ ಓಡಿಸುವ ಶೆಲ್) ಅಂದರೆ ಅಲ್ಲಿ ಬ್ಯಾಶ್ ಅಲ್ಲ, ಡ್ಯಾಶ್. ಎರಡು, ‘ಆಕ್’ (ಸಾಲು ಸಾಲಾಗಿ ಪಠ್ಯ ಸಂಸ್ಕರಿಸುವ ಪ್ರೋಗ್ರಾಂ) ಅಂದರೆ ಸಾಮಾನ್ಯವಾಗಿ ಮಾಕ್, ನಮಗೆ ಬೇಕಾದ ಗಾಕ್ ಅಲ್ಲ. ಬಿಲ್ಡ್-ಎಸೆನ್ಶಿಯಲ್, ಬೈಸನ್, ಗಾಕ್, ಟೆಕ್ಸ್‌ಇನ್ಫೋ, ಎಂ4 ಇಷ್ಟನ್ನು ಮೊದಲೇ ಹಾಕಿಕೊಳ್ಳಿ. ಆಮೇಲೆ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ‘ಎಲ್‌ಎನ್ -ಎಸ್‌ಎಫ್ ಬ್ಯಾಶ್ /ಬಿನ್/ಎಸ್‌ಎಚ್’ ಹೊಡೆದು ಎಸ್‌ಎಚ್ ಅನ್ನು ಬ್ಯಾಶ್‌ಗೆ ತಿರುಗಿಸಿ.

ಎರಡನೇ ಅಧ್ಯಾಯದಲ್ಲಿ ‘ವರ್ಷನ್-ಚೆಕ್’ ಎಂಬ ಚಿಕ್ಕ ಸ್ಕ್ರಿಪ್ಟ್ ಇದೆ. ಓಡಿಸಿ, ಒಂದೊಂದು ಸಾಲನ್ನೂ ಓದಿ. ಕುಮಟಾದ ನನ್ನ ಚಿಕ್ಕಮ್ಮನ ಮಗ ಇದನ್ನು ಓಡಿಸಿದ್ದ, ಓದಿರಲಿಲ್ಲ. ಮೂರು ದಿನ ಬಿಟ್ಟು ಫೋನ್ ಬಂತು. “ಅಣ್ಣ, ಜಿಲಿಬ್‌ಸಿ ಕಾನ್ಫಿಗರ್‌ನಲ್ಲಿ ಯಾವುದೋ ಕ್ರಿಟಿಕಲ್ ಪ್ರೋಗ್ರಾಂ ಇಲ್ಲ ಅಂತಿದೆ.” ಆ ಸಾಲಿನ ಕೊನೆಯ ಶಬ್ದ ಏನು ಅಂದೆ. ಬೈಸನ್ ಅಂದ. ಮುಗಿಯಿತು. ಜಿಲಿಬ್‌ಸಿ ಈ ವಿಷಯದಲ್ಲಿ ಒಳ್ಳೆಯದು, ಏನು ಇಲ್ಲ ಅಂತ ಹೆಸರು ಹಿಡಿದು ಹೇಳುತ್ತದೆ.

ಪಾರ್ಟಿಷನ್ ಎಕ್ಸ್‌ಟಿ4 ಇರಲಿ, 30 ಜಿಬಿ ಇದ್ದರೆ ಆರಾಮ. ವಿಂಡೋಸ್ ಜತೆ ಹಂಚಿಕೊಂಡ ಫೋಲ್ಡರಿನಲ್ಲೋ, ಫ್ಯಾಟ್32 ಪೆನ್‌ಡ್ರೈವ್‌ನಲ್ಲೋ ಕಟ್ಟಬೇಡಿ. ಅಲ್ಲಿ ಸಿಮ್‌ಲಿಂಕ್ (ಬೇರೆ ಫೈಲಿನತ್ತ ಬೆರಳು ತೋರಿಸುವ ಕೊಂಡಿ), ಪರ್ಮಿಷನ್ ಎರಡೂ ನಿಲ್ಲುವುದಿಲ್ಲ. ಡೌನ್‌ಲೋಡ್ ಮಾಡಿದ ಟಾರ್‌ಬಾಲ್‌ಗಳನ್ನು (ಸೋರ್ಸ್ ಕೋಡಿನ ಗಂಟುಗಳನ್ನು) ‘ಎಂಡಿ5ಸಮ್ -ಸಿ’ ಕೊಟ್ಟು ಪರೀಕ್ಷಿಸಿ. ನಮ್ಮ ಕಡೆ ಮಳೆಗಾಲದ ನೆಟ್ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ? ಅರ್ಧ ಇಳಿದ ಫೈಲ್ ಪೂರ್ತಿ ಇಳಿದ ಹಾಗೆ ಸುಮ್ನೆ ಕೂತಿರುತ್ತದೆ.

ಕೂತಾಗಲೆಲ್ಲ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ

ಈ ಭಾಗವನ್ನು ಓಡಿಸಿಕೊಂಡು ಓದಬೇಡಿ. ನಾನು ನೋಡಿದ ತೊಂದರೆಗಳಲ್ಲಿ ಜಾಸ್ತಿಯವು ಇಲ್ಲೇ ಹುಟ್ಟಿದ್ದು. ಅದೂ ಒಂದು ರಾತ್ರಿ ಮಲಗಿ ಎದ್ದು, ಮತ್ತೆ ಕೂತಾಗ.

ಮೊದಲನೆಯದು, ನಾನು ಯಾರು? ‘ಹೂಆಮ್‌ಐ’ ಹೊಡೆಯಿರಿ. ಐದು ಮತ್ತು ಆರನೇ ಅಧ್ಯಾಯದಲ್ಲಿ ಉತ್ತರ ‘ಎಲ್‌ಎಫ್‌ಎಸ್’ ಅಂತಲೇ ಬರಬೇಕು. ರೂಟ್ ಅಂತ ಬಂದರೆ ಕೈ ಕೀಬೋರ್ಡಿನಿಂದ ತೆಗೆಯಿರಿ.

ಎರಡನೆಯದು, ಎಲ್ಲಿಗೆ ಕಟ್ಟುತ್ತಿದ್ದೇನೆ? ‘ಎಕೋ $ಎಲ್‌ಎಫ್‌ಎಸ್’ ಕೊಟ್ಟರೆ ‘/ಎಂಎನ್‌ಟಿ/ಎಲ್‌ಎಫ್‌ಎಸ್’ ಬರಬೇಕು. ಖಾಲಿ ಸಾಲು ಬಂದರೆ ಎಷ್ಟು ಅಪಾಯ ಗೊತ್ತಾ? ಜಿಲಿಬ್‌ಸಿ ಇನ್‌ಸ್ಟಾಲ್ ಮಾಡುವಾಗ ‘ಡೆಸ್ಟ್‌ಡಿರ್=$ಎಲ್‌ಎಫ್‌ಎಸ್’ ಎಂದು ಕೊಡುತ್ತೇವೆ. ವೇರಿಯಬಲ್ ಖಾಲಿ ಇದ್ದು ನೀವು ರೂಟ್ ಆಗಿದ್ದರೆ, ಹೊಸ ಜಿಲಿಬ್‌ಸಿ ನಿಮ್ಮ ಉಬುಂಟುವಿನ ಮೇಲೇ ಹೋಗಿ ಕೂರುತ್ತದೆ. ಆಮೇಲೆ ‘ಎಲ್‌ಎಸ್’ ಸಹ ಓಡದೇ ಇರಬಹುದು. ಎಲ್‌ಎಫ್‌ಎಸ್ ಯೂಸರ್ ಆಗಿದ್ದರೆ ಬರೀ ಪರ್ಮಿಷನ್ ಡಿನೈಡ್ ಅಂತ ಬರುತ್ತದೆ, ಬದುಕುತ್ತೀರಿ. ಆ ಬೇರೆ ಯೂಸರನ್ನು ಮಾಡಿಸುವುದೇ ಇದಕ್ಕೆ.

ಮೂರನೆಯದು, ಆ ಪಾರ್ಟಿಷನ್ ನಿಜಕ್ಕೂ ಮೌಂಟ್ ಆಗಿದೆಯಾ? ರೀಬೂಟ್ ಆದ ಮೇಲೆ ವೇರಿಯಬಲ್ ಸರಿ ಇರುತ್ತದೆ, ಡೈರೆಕ್ಟರಿಯೂ ಇರುತ್ತದೆ. ಆದರೆ ಅದು ಹೋಸ್ಟ್ ಡಿಸ್ಕಿನ ಖಾಲಿ ಡೈರೆಕ್ಟರಿ. ‘ಫೈಂಡ್‌ಮೌಂಟ್ $ಎಲ್‌ಎಫ್‌ಎಸ್’ ಕೊಟ್ಟು ನೋಡಿ.

ನಾಲ್ಕನೆಯದು, ಯಾವ ಕಂಪೈಲರ್? ‘ಎಕೋ $ಎಲ್‌ಎಫ್‌ಎಸ್_ಟಿಜಿಟಿ’ ಖಾಲಿ ಇರಬಾರದು. ‘ಎಕೋ $ಪಾತ್’ ಕೊಟ್ಟರೆ ಎಲ್ಲಕ್ಕಿಂತ ಮೊದಲು ‘/ಎಂಎನ್‌ಟಿ/ಎಲ್‌ಎಫ್‌ಎಸ್/ಟೂಲ್ಸ್/ಬಿನ್’ ಇರಬೇಕು.

ಈ ಉತ್ತರಗಳಲ್ಲಿ ಯಾವುದಾದರೂ ತಪ್ಪಿದ್ದರೆ ಮೂರು ಕಡೆ ಹುಡುಕಿ. ಯೂಸರ್ ಬದಲಿಸುವಾಗ ‘ಎಸ್‌ಯು - ಎಲ್‌ಎಫ್‌ಎಸ್’ ಅಂತ ನಡುವಿನ ಗೆರೆ ಸೇರಿಸಿಯೇ ಹೊಡೆದಿರಾ? ಗೆರೆ ಬಿಟ್ಟರೆ ಹಳೆ ಯೂಸರಿನ ಪರಿಸರವೆಲ್ಲ ಹಿಂದೆಯೇ ಬರುತ್ತದೆ. ‘/ಇಟಿಸಿ/ಬ್ಯಾಶ್.ಬ್ಯಾಶ್‌ಆರ್‌ಸಿ’ ಫೈಲ್ ಇದ್ದರೆ ಅದನ್ನು ಬೇರೆ ಹೆಸರಿಗೆ ಸರಿಸಿದಿರಾ? ಉಬುಂಟುವಿನಲ್ಲಿ ಅದು ಇರುತ್ತದೆ, ನೀವು ಜೋಡಿಸಿದ್ದನ್ನು ಕೆಡಿಸಬಹುದು. ಎಲ್‌ಎಫ್‌ಎಸ್ ಯೂಸರಿನ ಬ್ಯಾಶ್‌ಆರ್‌ಸಿಯಲ್ಲಿ ‘ಸೆಟ್ +ಎಚ್’ ಇದೆಯಾ? ಇಲ್ಲದಿದ್ದರೆ ಬ್ಯಾಶ್ ಹಳೆ ಪ್ರೋಗ್ರಾಮಿನ ಜಾಗ ನೆನಪಿಟ್ಟುಕೊಂಡು, ಹೊಸದು ಬಂದರೂ ಹಳೆಯದನ್ನೇ ಕರೆಯುತ್ತದೆ.

ಇನ್ನೊಂದು ಮಾತು. ‘ಸಿಫ್ಲ್ಯಾಗ್ಸ್’ (ಕಂಪೈಲರಿಗೆ ಕೊಡುವ ಹೆಚ್ಚುವರಿ ಸೂಚನೆಗಳು) ಸೆಟ್ ಮಾಡಿ ವೇಗ ಹೆಚ್ಚಿಸುವ ಆಸೆ ಬಿಡಿ. ಟೂಲ್‌ಚೈನ್ (ಕಂಪೈಲರ್, ಲಿಂಕರ್, ಸಿ ಲೈಬ್ರರಿ) ಕಟ್ಟುವಾಗ ಅದು ಕೊಡುವ ಲಾಭಕ್ಕಿಂತ ತಲೆನೋವು ಜಾಸ್ತಿ.

ಎರರ್ ಓದುವ ಬಗೆ

ಕೊನೆಯ ಸಾಲು ಯಾವತ್ತೂ ಏನೂ ಹೇಳುವುದಿಲ್ಲ. ‘ಎರರ್ 2’ ಅಂತ ಮೇಕ್ ಕೈಚೆಲ್ಲಿದ್ದು ಅಷ್ಟೇ. ಮೇಲೆ ಮೇಲೆ ಹೋಗಿ ಮೊದಲ ಎರರ್ ಹುಡುಕಬೇಕು. ನಾಲ್ಕು ಕೆಲಸ ಒಟ್ಟಿಗೆ ನಡೆಯುತ್ತಿದ್ದರೆ ಸಾಲುಗಳೆಲ್ಲ ಕಲಸಿಹೋಗಿರುತ್ತವೆ. ಆಗ ‘ಮೇಕ್ -ಜೆ1’ ಅಂತ ಮತ್ತೆ ಓಡಿಸಿ. ಒಂದೇ ಸಾಲಿನಲ್ಲಿ ನಡೆದು, ತಪ್ಪಿದ ಜಾಗದಲ್ಲೇ ನಿಲ್ಲುತ್ತದೆ. ಕೆಲವೊಮ್ಮೆ -ಜೆ1 ಕೊಟ್ಟರೆ ಎರರ್ ಮಾಯವಾಗುವುದೂ ಉಂಟು. ಜಿಲಿಬ್‌ಸಿಯಲ್ಲಿ ನನಗೆ ಹಾಗೆ ಆಗಿದೆ.

ಲಾಗ್ ಇಟ್ಟುಕೊಳ್ಳಲು, ಪರದೆಗೂ ಫೈಲಿಗೂ ಒಟ್ಟಿಗೆ ಬರೆಯುವ ‘ಟೀ’ಗೆ ಪೈಪ್ ಮಾಡುವ ಅಭ್ಯಾಸ ಒಳ್ಳೆಯದು, ಆದರೆ ಅದರಲ್ಲೊಂದು ಗುಂಡಿ ಇದೆ. ಮೇಕ್ ಸೋತರೂ ಟೀ ಗೆದ್ದಿರುತ್ತದೆ. ಹಿಂದೆಯೇ ‘&& ಮೇಕ್ ಇನ್‌ಸ್ಟಾಲ್’ ಹಾಕಿದ್ದರೆ ಅದು ಓಡಿಬಿಡುತ್ತದೆ. ಮೊದಲು ‘ಸೆಟ್ -ಒ ಪೈಪ್‌ಫೇಲ್’ ಕೊಡಿ.

ಕಾನ್ಫಿಗರ್ ಹಂತದಲ್ಲೇ ನಿಂತರೆ ಪರದೆ ನೋಡಬೇಡಿ, ‘ಕಾನ್ಫಿಗ್.ಲಾಗ್’ ತೆರೆಯಿರಿ. ‘ಸಿ ಕಂಪೈಲರ್ ಕೆನಾಟ್ ಕ್ರಿಯೇಟ್ ಎಕ್ಸಿಕ್ಯೂಟಬಲ್ಸ್’ ಎನ್ನುವುದು ಬರೀ ತೀರ್ಪು. ಕಾರಣ ಆ ಲಾಗ್‌ನಲ್ಲಿ ಇರುತ್ತದೆ: ಕಂಪೈಲರ್ ಸಿಗಲೇ ಇಲ್ಲವೋ, ಲಿಂಕರ್ ಸಿಗಲಿಲ್ಲವೋ, ಪ್ರೋಗ್ರಾಂ ಶುರುವಾಗಲು ಬೇಕಾದ ಜಿಲಿಬ್‌ಸಿಯ ಫೈಲ್ ‘ಸಿಆರ್‌ಟಿ1.ಒ’ ಸಿಗಲಿಲ್ಲವೋ. ಕೊನೆಯದಾದರೆ ಜಿಲಿಬ್‌ಸಿ ಜಾಗದಲ್ಲಿ ಕೂತಿಲ್ಲ ಎಂದರ್ಥ. ಜಿಸಿಸಿಯಲ್ಲಿ ‘ಕೆನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್’ ಬಂದರೆ ಮೇಲಿನ ಲಾಗ್ ನೋಡಿ ಉಪಯೋಗವಿಲ್ಲ. ಬಿಲ್ಡ್ ಡೈರೆಕ್ಟರಿಯೊಳಗೆ ಟಾರ್ಗೆಟ್ ಹೆಸರಿನದೊಂದು ಡೈರೆಕ್ಟರಿ, ಅದರೊಳಗೆ ‘ಲಿಬ್‌ಜಿಸಿಸಿ’, ಅಲ್ಲಿ ಇನ್ನೊಂದು ಕಾನ್ಫಿಗ್.ಲಾಗ್ ಇರುತ್ತದೆ. ಅದನ್ನು ಓದಿ.

ಒಂದು ಎರರ್ ಕಂಡ ಮೇಲೆ ದಾಟಿ ಹೋಗಬೇಡಿ. “ಮುಂದೆ ಹೋಯ್ತಲ್ಲ ಅಂತ ಬಿಟ್ಟೆ ಅಣ್ಣ” ಅಂತ ನಮ್ಮ ಕುಮಟಾದ ಹುಡುಗ ಹೇಳಿದ್ದು ನೆನಪಾದರೆ ಈಗಲೂ ನಗು ಬರುತ್ತದೆ. ಅವನ ಎರರ್ ಐದನೇ ಅಧ್ಯಾಯದ್ದು. ಎಡವಿ ಬಿದ್ದದ್ದು ಎಂಟರಲ್ಲಿ.

ಪದೇ ಪದೇ ಕಾಣುವ ತೊಂದರೆಗಳು

ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಗಣಿತದ ಲೈಬ್ರರಿಗಳು ಬೇಕು ಎಂದು ಜಿಸಿಸಿ ಹಠ ಹಿಡಿದರೆ: ಈ ಮೂರನ್ನೂ ಜಿಸಿಸಿ ಸೋರ್ಸ್ ಡೈರೆಕ್ಟರಿಯ ಒಳಗೇ ಬಿಚ್ಚಿ, ಹೆಸರಿನಿಂದ ಆವೃತ್ತಿ ಸಂಖ್ಯೆ ತೆಗೆದುಹಾಕಬೇಕು. ಬರೀ ‘ಜಿಎಂಪಿ’ ಅಂತ ಇರಬೇಕು. ಎರಡನೇ ಸುತ್ತಿಗೆ ಹೊಸದಾಗಿ ಬಿಚ್ಚಿದಾಗ ಇದನ್ನು ಮರೆಯುವುದು ಮಾಮೂಲು. 64 ಬಿಟ್ ಯಂತ್ರದಲ್ಲಿ ‘ಟಿ-ಲಿನಕ್ಸ್64’ ಫೈಲಿನಲ್ಲಿ ಲಿಬ್64 ಅನ್ನು ಲಿಬ್ ಮಾಡುವ ಸೆಡ್ (ಫೈಲಿನೊಳಗೆ ಪಠ್ಯ ಬದಲಿಸುವ ಕಮಾಂಡ್) ಸಾಲೂ ಹಾಗೇ. ಮರೆತರೆ ಲೈಬ್ರರಿಗಳು ಬೇರೆ ಕಡೆ ಹೋಗಿ ಕೂರುತ್ತವೆ.

ಮೊದಲ ಜಿಸಿಸಿ ಇನ್‌ಸ್ಟಾಲ್ ಆದ ಮೇಲೆ ಮೂರು ಫೈಲುಗಳನ್ನು ‘ಕ್ಯಾಟ್’ ಮಾಡಿ ‘ಲಿಮಿಟ್ಸ್.ಎಚ್’ ಬರೆಯುವ ಒಂದು ಸಾಲು ಇದೆ. ಮೇಕ್ ಇನ್‌ಸ್ಟಾಲ್ ಮುಗಿದ ಖುಷಿಯಲ್ಲಿ ಅದನ್ನು ಹಾರಿಸುವವರೇ ಹೆಚ್ಚು. ಆ ಹೊತ್ತಿಗೆ ಜಿಲಿಬ್‌ಸಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಜಿಸಿಸಿ ತನ್ನದೇ ಅರೆಬರೆ ಹೆಡರ್ (ಘೋಷಣೆಗಳಿರುವ ಫೈಲ್) ಹಾಕಿಕೊಂಡಿರುತ್ತದೆ. ಅದನ್ನು ಪೂರ್ತಿ ಮಾಡುವುದೇ ಈ ಸಾಲಿನ ಕೆಲಸ. ಮುಂದೆ ಎಲ್ಲೋ ‘ಪಾತ್_ಮ್ಯಾಕ್ಸ್’ ಥರದ ಮಿತಿಗಳೇ ಗೊತ್ತಿಲ್ಲ ಎಂದು ಎರರ್ ಬಂದರೆ ಇಲ್ಲಿಗೆ ವಾಪಸ್ ಬನ್ನಿ.

ಕರ್ನಲ್ ಹೆಡರ್ ಇಲ್ಲ ಅಥವಾ ಹಳೆಯದು ಎಂದು ಜಿಲಿಬ್‌ಸಿ ಹೇಳಿದರೆ, ನೀವು ಹೆಡರ್‌ಗಳನ್ನು $ಎಲ್‌ಎಫ್‌ಎಸ್ ಒಳಗೆ ನಕಲು ಮಾಡಿಲ್ಲ, ಅಥವಾ ಬೇರೆ ಕಡೆ ಮಾಡಿದ್ದೀರಿ. ಮತ್ತೇನಿಲ್ಲ.

ಜಿಲಿಬ್‌ಸಿ ಮುಗಿದ ಮೇಲಿನ ಪರೀಕ್ಷೆಯನ್ನು ಮಾತ್ರ ಬಿಡಲೇಬೇಡಿ. ‘ಇಂಟ್ ಮೇನ್(){}’ ಎಂಬ ಏನೂ ಮಾಡದ ಪ್ರೋಗ್ರಾಮನ್ನು $ಎಲ್‌ಎಫ್‌ಎಸ್_ಟಿಜಿಟಿ-ಜಿಸಿಸಿಗೆ ಕೊಟ್ಟು, ಬಂದ ‘ಎ.ಔಟ್’ ಮೇಲೆ ‘ರೀಡ್‌ಎಲ್ಫ್ -ಎಲ್’ ಓಡಿಸುವುದು. ಪ್ರೋಗ್ರಾಂ ಇಂಟರ್‌ಪ್ರಿಟರ್ ಸಾಲಿನಲ್ಲಿ ‘/ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಒ.2’ ಅಂತಲೇ ಇರಬೇಕು. ಅದರ ಮುಂದೆ /ಎಂಎನ್‌ಟಿ/ಎಲ್‌ಎಫ್‌ಎಸ್ ಅಂಟಿಕೊಂಡಿದ್ದರೆ ತಪ್ಪು. ಏನೂ ಬರದಿದ್ದರೂ ತಪ್ಪು. ಆಗ ತೇಪೆ ಹಾಕಲು ಹೋಗಬೇಡಿ. ಬಿನ್‌ಯುಟಿಲ್ಸ್‌ನಿಂದ ಮತ್ತೆ ಶುರು ಮಾಡಿ. ಕಹಿ ಮಾತು, ಆದರೆ ಅರ್ಧ ದಿನದ ಕೆಲಸ. ತೇಪೆಗೆ ಒಂದು ವಾರ ಹೋಗುತ್ತದೆ.

ಯಂತ್ರದ್ದೇ ತಪ್ಪಿದ್ದಾಗ

‘ಕಿಲ್ಡ್’ ಎಂಬ ಒಂದು ಶಬ್ದ ಬಂದು ಸಿಸಿ1ಪ್ಲಸ್ (ಜಿಸಿಸಿಯ ಸಿ++ ಭಾಗ) ಸತ್ತರೆ ಮೆಮೊರಿ ಸಾಲಲಿಲ್ಲ. ‘ಡಿಎಂಇಎಸ್‌ಜಿ’ ಹೊಡೆದು ನೋಡಿದರೆ ಕರ್ನಲ್ ಯಾರನ್ನು ಕೊಂದಿತು ಅಂತ ಬರೆದಿರುತ್ತದೆ. 8 ಜಿಬಿ ರ‍್ಯಾಮ್, ನಾಲ್ಕು ಕೋರ್ ಇದ್ದರೆ ಒಳ್ಳೆಯದು ಎನ್ನುವುದು ಶಿಫಾರಸು. ನನ್ನದು 4 ಜಿಬಿ. ಸ್ವಾಪ್ ಕೊಟ್ಟು -ಜೆ2ಕ್ಕೆ ಇಳಿಸಿದೆ, ನಡೆಯಿತು. ಸಮಯ ಹಿಡಿಯಿತು ಅಷ್ಟೇ. “ಎಂತ ಆತೋ ಮಾಣಿ, ಇಡೀ ದಿನ ಅದೇ ಅಕ್ಷರ ಓಡ್ತಾ ಇದ್ದಲ” ಅಂತ ಆಯಿ ಎರಡು ಸಲ ಬಂದು ನೋಡಿ ಹೋದಳು.

‘ಇಂಟರ್ನಲ್ ಕಂಪೈಲರ್ ಎರರ್, ಸೆಗ್ಮೆಂಟೇಷನ್ ಫಾಲ್ಟ್’ ಬಂದರೆ ಗಾಬರಿಯಾಗದೆ ಮತ್ತೊಮ್ಮೆ ಮೇಕ್ ಹೊಡೆಯಿರಿ. ಅದೇ ಫೈಲಿನ ಅದೇ ಸಾಲಿನಲ್ಲಿ ಬಿದ್ದರೆ ಸಾಫ್ಟ್‌ವೇರ್ ತೊಂದರೆ. ಒಂದೊಂದು ಸಲ ಒಂದೊಂದು ಕಡೆ ಬಿದ್ದರೆ ಹಾರ್ಡ್‌ವೇರ್ ಅನ್ನಿ. ಕಾರವಾರದಲ್ಲಿ ಸಮುದ್ರದ ಹತ್ತಿರವೇ ಮನೆ ಇರುವ ಗೆಳೆಯನ ಡೆಸ್ಕ್‌ಟಾಪಿನಲ್ಲಿ ಹೀಗೇ ಆಗಿತ್ತು. ಉಪ್ಪುಗಾಳಿಗೆ ರ‍್ಯಾಮ್ ಕಡ್ಡಿಯ ಕಾಲುಗಳೆಲ್ಲ ಮಸುಕಾಗಿದ್ದವು. ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒರೆಸಿ ಮತ್ತೆ ಕೂರಿಸಿದ. ಮೆಮ್‌ಟೆಸ್ಟ್86+ ಒಂದು ರಾತ್ರಿ ಓಡಿಸಿ, ತಪ್ಪಿಲ್ಲ ಅಂತ ಖಾತ್ರಿಯಾದ ಮೇಲೆ ಕಟ್ಟಿದ. ವೆಬ್ ಬ್ರೌಸರ್, ಸಿನಿಮಾ ಎಲ್ಲ ಅಲ್ಲಿವರೆಗೂ ಚೆನ್ನಾಗೇ ನಡೆದಿದ್ದವಂತೆ. ಜಿಸಿಸಿ ಕಟ್ಟುವಷ್ಟು ಗಟ್ಟಿಯಾಗಿ ರ‍್ಯಾಮನ್ನು ಗೋಳುಹೊಯ್ದುಕೊಳ್ಳುವ ಕೆಲಸ ಮನೆಯ ಕಂಪ್ಯೂಟರಿಗೆ ಬೇರೆ ಇರುವುದಿಲ್ಲ. ಫ್ಯಾನಿನಲ್ಲಿ ಧೂಳು ಕಟ್ಟಿದ್ದರೂ ಇದೇ ಲಕ್ಷಣ ಕಾಣಬಹುದು, ಅದನ್ನೂ ನೋಡಿ.

ಈಗ ನನ್ನ ಆ ರಾತ್ರಿಯ ಕಥೆ. ಅಲ್ಲಿ ಎರಡು ತಪ್ಪು ಸೇರಿದ್ದವು. ಕರೆಂಟ್ ಹೋದ ಕ್ಷಣದಲ್ಲಿ ಡಿಸ್ಕಿಗೆ ಪೂರ್ತಿ ಇಳಿಯದ ಆಬ್ಜೆಕ್ಟ್ ಫೈಲುಗಳು ಸೊನ್ನೆ ಗಾತ್ರದಲ್ಲಿ ಉಳಿದಿದ್ದವು. ಫೈಲ್ ಇದೆ, ಸಮಯವೂ ಹೊಸದು, ಹಾಗಾಗಿ ಕೆಲಸ ಮುಗಿದಿದೆ ಎಂದು ಮೇಕ್ ನಂಬಿತು. ಜತೆಗೆ ಯಂತ್ರ ಆರಿದಾಗ ಗಡಿಯಾರ ನಡೆಸುವ, ಮದರ್‌ಬೋರ್ಡಿನ ಸಿಮೋಸ್ ಬ್ಯಾಟರಿಯೂ ಸತ್ತಿತ್ತು. ಯಂತ್ರ ಎದ್ದಾಗ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿತ್ತು. ಮೇಕ್ ನಿರ್ಧರಿಸುವುದೆಲ್ಲ ಯಾವ ಫೈಲ್ ಹಳೆಯದು, ಯಾವುದು ಹೊಸದು ಎನ್ನುವುದರ ಮೇಲೇ. ಗಡಿಯಾರ ಕೆಟ್ಟರೆ ಅದರ ಲೆಕ್ಕವೂ ಕೆಟ್ಟಂತೆ. ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ ಅಂತಲೋ, ಹೊಸ ಫೈಲ್ ಹಳೆಯದಕ್ಕಿಂತ ಹಳೆಯದು ಅಂತಲೋ ಬಂದರೆ ಮೊದಲು ‘ಡೇಟ್’ ಹೊಡೆಯಿರಿ. ಸರಿ ಮಾಡಿ. ಆಮೇಲೆ ಆ ಸೋರ್ಸ್ ಡೈರೆಕ್ಟರಿಯನ್ನು ಪೂರ್ತಿ ಅಳಿಸಿ, ಟಾರ್‌ಬಾಲನ್ನು ಹೊಸದಾಗಿ ಬಿಚ್ಚಿ. ಅರ್ಧ ಆದದ್ದನ್ನು ಉಳಿಸುವ ಲೋಭ ಬೇಡ. ಸಿಮೋಸ್ ಬ್ಯಾಟರಿ ಬದಲಿಸಲು ಜಾಸ್ತಿ ಖರ್ಚಿಲ್ಲ.

ಹೋಸ್ಟ್ ಹೊಸದು, ಪುಸ್ತಕ ಹಳೆಯದು

ಎರಡು ಮೂರು ವರ್ಷ ಹಿಂದಿನ ಆವೃತ್ತಿ ಇಟ್ಟುಕೊಂಡು ಇವತ್ತಿನ ಡಿಸ್ಟ್ರೋದಲ್ಲಿ (ಉಬುಂಟು, ಫೆಡೋರಾದಂಥ ಸಿದ್ಧ ಲಿನಕ್ಸ್‌ನಲ್ಲಿ) ಕಟ್ಟಿದರೆ, ಪ್ಯಾಕೇಜ್ ಸರಿ ಇದ್ದೂ ಬೀಳುತ್ತದೆ. 2024ರ ಜಿಸಿಸಿ 14, ಘೋಷಿಸದ ಫಂಕ್ಷನ್ ಕರೆದರೆ ಬರೀ ಎಚ್ಚರಿಕೆ ಕೊಡದೆ ಎರರ್ ಕೊಡಲು ಶುರು ಮಾಡಿತು. 2025ರ ಜಿಸಿಸಿ 15, ಸಿ ಭಾಷೆಯ ಹೊಸ ಮಾನಕ ಸಿ23ಯನ್ನೇ ಡಿಫಾಲ್ಟ್ ಮಾಡಿಕೊಂಡಿತು. ಅದರಲ್ಲಿ ‘ಬೂಲ್’ ಕೀವರ್ಡ್, ಮತ್ತು ಖಾಲಿ ಆವರಣ ಎಂದರೆ ಆರ್ಗ್ಯುಮೆಂಟೇ ಇಲ್ಲ ಎಂದರ್ಥ. ಜಿಎಂಪಿ 6.3.0ರ ಕಾನ್ಫಿಗರ್‌ನಲ್ಲಿರುವ ಒಂದು ಸಣ್ಣ ಪರೀಕ್ಷಾ ಪ್ರೋಗ್ರಾಂ ಹಳೆ ಶೈಲಿಯದ್ದು. ಅದು ಬಿದ್ದು, ಕೆಲಸ ಮಾಡುವ ಕಂಪೈಲರೇ ಸಿಗಲಿಲ್ಲ ಎಂದು ಹೇಳುತ್ತದೆ. ಕಂಪೈಲರ್ ಎದುರಿಗೇ ಕೂತಿದ್ದರೂ!

ಕಾನ್ಫಿಗರ್‌ಗೆ ‘ಸಿಸಿ="ಜಿಸಿಸಿ -ಎಸ್‌ಟಿಡಿ=ಜಿಎನ್‌ಯು17"’ ಕೊಟ್ಟರೆ ಇಂಥವು ಹೆಚ್ಚಾಗಿ ದಾಟುತ್ತವೆ. ಆದರೆ ನನ್ನ ಸಲಹೆ, ಹೊಸ ಆವೃತ್ತಿಯ ಪುಸ್ತಕವನ್ನೇ ಹಿಡಿಯಿರಿ. ಹಳೆಯದು ಬೇಕೇ ಬೇಕು ಅಂದರೆ ಆ ಕಾಲದ ಲೈವ್ ಡಿಸ್ಟ್ರೋವನ್ನು ಹೋಸ್ಟ್ ಮಾಡಿಕೊಳ್ಳಿ.

ಸಿಎಚ್‌ರೂಟ್ ಬಾಗಿಲಲ್ಲಿ

ಏಳನೇ ಅಧ್ಯಾಯದಲ್ಲಿ ಒಳಗೆ ಹೋಗುವಾಗ ‘/ಯುಎಸ್‌ಆರ್/ಬಿನ್/ಎನ್ವ್’ ಇಲ್ಲ ಅಂತ ಬರಬಹುದು. ಹೋಗಿ ನೋಡಿದರೆ ಫೈಲ್ ಇದ್ದೇ ಇರುತ್ತದೆ. ಇಲ್ಲದಿರುವುದು ಅದನ್ನು ಓಡಿಸುವ ಇಂಟರ್‌ಪ್ರಿಟರ್, ಅಂದರೆ ಮೇಲೆ ಹೇಳಿದ ಎಲ್‌ಡಿ-ಲಿನಕ್ಸ್. $ಎಲ್‌ಎಫ್‌ಎಸ್/ಲಿಬ್64 ಒಳಗಿನ ಸಿಮ್‌ಲಿಂಕ್ ಸರಿಯಾದ ಕಡೆ ತೋರಿಸುತ್ತಿದೆಯಾ ನೋಡಿ. ಸರಿ ಇದ್ದರೆ ‘ಎನ್ವ್’ ಮೇಲೆ ರೀಡ್‌ಎಲ್ಫ್ ಓಡಿಸಿ, ಆರನೇ ಅಧ್ಯಾಯದ ಕೋರ್‌ಯುಟಿಲ್ಸ್ (ಎನ್ವ್ ಇರುವ ಪ್ಯಾಕೇಜ್) ಯಾವ ಕಂಪೈಲರಿನಿಂದ ಆಯಿತು ಅಂತ ಗೊತ್ತಾಗುತ್ತದೆ.

ಏಳನೇ ಅಧ್ಯಾಯ ಮುಗಿದ ಕೂಡಲೇ ಸಿಎಚ್‌ರೂಟ್‌ನಿಂದ ಹೊರಬಂದು, ಡೆವ್, ಪ್ರಾಕ್, ಸಿಸ್ ಎಲ್ಲ ಅನ್‌ಮೌಂಟ್ ಮಾಡಿ, ಇಡೀ $ಎಲ್‌ಎಫ್‌ಎಸ್ ಅನ್ನು ಟಾರ್ ಮಾಡಿ ಬೇರೆ ಡಿಸ್ಕಿಗೆ ಹಾಕಿ. ಎಂಟರಲ್ಲಿ ಕೆಟ್ಟರೆ ಇಲ್ಲಿಂದ ಶುರು ಮಾಡಬಹುದು.

ಎಂಟನೇ ಅಧ್ಯಾಯದ ಜಿಸಿಸಿಗೆ ‘ಮೇಕ್ -ಕೆ ಚೆಕ್’ ಓಡಿಸುವುದನ್ನು ತಪ್ಪಿಸಬೇಡಿ. ಹಳೆ ಯಂತ್ರದಲ್ಲಿ ರಾತ್ರಿಯಿಡೀ ಓಡುತ್ತದೆ. ಕರೆಂಟ್ ನಂಬಿಕೆ ಇರುವ ದಿನ ನೋಡಿ ಹಚ್ಚಿ. ಟೆಸ್ಟ್ ಓಡಿಸಬೇಕಾದ್ದು ‘ಟೆಸ್ಟರ್’ ಯೂಸರ್, ರೂಟ್ ಅಲ್ಲ. ಸ್ಟ್ಯಾಕ್ ಮಿತಿಯನ್ನು ‘ಯುಲಿಮಿಟ್’ನಿಂದ ಮೊದಲೇ ಏರಿಸಿ. ಕೆಲವು ಟೆಸ್ಟ್ ಬೀಳುತ್ತವೆ, ಅದು ಸಹಜ. ನೂರಾರು ಬಿದ್ದರೆ ನಿಲ್ಲಿಸಿ.

ಇನ್‌ಸ್ಟಾಲ್ ಆದ ಮೇಲೆ ಅದೇ ಏನೂ ಮಾಡದ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿ. ಈ ಸಲ ಇಂಟರ್‌ಪ್ರಿಟರ್ ಜತೆಗೆ ಮೂರು ನೋಡಬೇಕು: ಸಿಆರ್‌ಟಿ ಫೈಲುಗಳು /ಯುಎಸ್‌ಆರ್/ಲಿಬ್‌ನಿಂದ ಬಂದವಾ, ಹೆಡರ್ ಹುಡುಕುವ ಪಟ್ಟಿಯಲ್ಲಿ /ಯುಎಸ್‌ಆರ್/ಇನ್‌ಕ್ಲೂಡ್ ಇದೆಯಾ, ‘ಲಿಬ್‌ಸಿ.ಎಸ್‌ಒ.6’ ಎಲ್ಲಿ ಸಿಕ್ಕಿತು. ಎಲ್ಲೂ ‘/ಟೂಲ್ಸ್’ ಎಂಬ ಶಬ್ದ ಕಾಣಬಾರದು. ಕಾಣದಿದ್ದರೆ ಎ.ಔಟ್ ಅಳಿಸಿ ಮುಂದಿನ ಪ್ಯಾಕೇಜಿಗೆ ಹೋಗಿ.